ಬರೆಹ ಯಾರ ಹೊಣೆ?

ಕಲಿತವನು ತಾನು ಕಲಿತುದನ್ನು ತನ್ನ ಮಾತಿನಲ್ಲಿ ಬರೆಯಲಾರದೆ ಹೋದರೆ ಆತನು ಕಲಿತನೆಂದು ಹೇಳಬಹುದೆ? ಬರೆಯಲಾರದ ದೋಷವು ಅವನದೋ, ಅವನಿಗೆ ಕಲಿಸಿದವರದೋ? ಮೇಲುನೋಟಕ್ಕೆ ಇದು ಕಾಲೇಜಿನ ಪಾಠಕ್ರಮಕ್ಕೆ ಸೇರಿದ ಸಣ್ಣ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆಯೆಂಬುದು ಓದುಗರಿಗೆ ಮನವರಿಕೆಯಾಗದೆ ಇರದು. ಮೊದಲು ಒಂದು ಪ್ರಸಂಗವನ್ನು ಹೇಳಿ ಆಮೇಲೆ ವಿಚಾರಕ್ಕೆ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ಬನಹಟ್ಟಿಯ ಕಡೆಯ ನೇಕಾರ ಮನೆತನದ ತರುಣನೊಬ್ಬನು ನಮ್ಮಲ್ಲಿಗೆ ಬಂದನು. ಆತನು ಪದವಿಯ ಕೊನೆಯ ವರ್ಷದಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿದ್ದನು. ಕೈಯಲ್ಲಿ ಅಂದವಾಗಿ ರಟ್ಟು ಕಟ್ಟಿಸಿದ ಪ್ರಬಂಧವಿತ್ತು. ನೇಕಾರರ ಆರ್ಥಿಕ ಸ್ಥಿತಿಗತಿ ಎಂಬುದು ಅದರ ವಿಷಯ. ಕಾಲೇಜಿಗೆ ಒಪ್ಪಿಸುವ ಮೊದಲು ಆಶೀರ್ವಾದ ಬೇಕೆಂದು ಅದನ್ನು ನಮ್ಮ ಮುಂದೆ ಇಟ್ಟನು. ನಾವು ಕುತೂಹಲದಿಂದ ತೆರೆದು ಓದಿದೆವು. ಮುಖಪುಟದಲ್ಲಿ ಬನಹಟ್ಟಿಯ ಹೆಸರಿತ್ತು. ಒಳಗೆ ಎಲ್ಲಿಯೂ ಇರಲಿಲ್ಲ. ಯಾವುದೋ ಬೇರೆ ಸೀಮೆಯ ಮಗ್ಗಗಳ ಮಾತು, ಯಾರೋ ಬರೆದ ವಾಕ್ಯಗಳು, ಯಾವ ಊರಿಗೂ ಹೊಂದಬಹುದಾದ ತೀರ್ಮಾನಗಳು. ಪುಸ್ತಕವನ್ನು ಮುಚ್ಚಿ, “ತಮ್ಮಾ, ನಿಮ್ಮ ಮನ್ಯಾಗ ಎಷ್ಟು ಮಗ್ಗ ಅದಾವು?” ಎಂದು ಕೇಳಿದೆವು.

ಅಷ್ಟು ಕೇಳಿದ್ದೇ ತಡ, ಹುಡುಗನ ಮುಖವೇ ಬದಲಾಯಿತು. ತಾತನ ಕೈಮಗ್ಗ ಮೂಲೆಗೆ ಸೇರಿದುದು, ತಂದೆಯು ವಿದ್ಯುತ್ ಮಗ್ಗ ಹಾಕಿದುದು, ನೂಲಿನ ಬೆಲೆ ಏರಿದ ವಾರ ಮಜೂರಿ ಏರದೆ ಉಳಿಯುವುದು, ಕರೆಂಟು ಹೋದ ದಿನದ ನಷ್ಟವು ಯಾರ ಪಾಲಿಗೆ ಬೀಳುತ್ತದೆಂಬುದು, ಕಂಡಿಕೆ ಸುತ್ತುವ ತಾಯಿಯ ದುಡಿಮೆಯು ಯಾವ ಲೆಕ್ಕದಲ್ಲಿಯೂ ಬರದೆ ಇರುವುದು, ಹೀಗೆ ಅರ್ಧ ಗಂಟೆ ತಡವರಿಸದೆ ಹೇಳಿದನು. ನಮಗೆ ಆಶ್ಚರ್ಯವಾಯಿತು. ಅರ್ಥಶಾಸ್ತ್ರವೆಲ್ಲವೂ ಆ ಮಾತುಗಳಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ. “ಇದನ್ನೆಲ್ಲಾ ಯಾಕ ಬರೀಲಿಲ್ಲ?” ಎಂದೆವು. ಹುಡುಗನು ತಲೆತಗ್ಗಿಸಿ, “ಇದನ್ನೂ ಬರೀಬಹುದು ಅಂತ ನನಗ ಯಾರೂ ಹೇಳಲಿಲ್ರಿ ಅಜ್ಜಾರ” ಎಂದನು.

ಈ ಒಂದು ಮಾತು ನಮ್ಮನ್ನು ಬಹುಕಾಲ ಕಾಡಿತು. ಮುಂದೊಮ್ಮೆ ಅವನ ಅಧ್ಯಾಪಕರೊಬ್ಬರು ಮಠಕ್ಕೆ ಬಂದಾಗ ಪ್ರಸ್ತಾಪಿಸಿದೆವು. ಅವರು ಸಜ್ಜನರು, ವಿಷಯ ಬಲ್ಲವರು. “ಬುದ್ಧಿ, ನಾನು ಅರ್ಥಶಾಸ್ತ್ರ ಹೇಳುವವನು. ಬರೆಯಲು ಕಲಿಸುವುದು ಕನ್ನಡ ವಿಭಾಗದವರ ಕೆಲಸವಲ್ಲವೆ?” ಎಂದರು. ಅದೇ ಮಾತನ್ನು ಕನ್ನಡದ ಉಪನ್ಯಾಸಕರಲ್ಲಿ ಹೇಳಿದಾಗ, “ವಾಕ್ಯದೋಷವನ್ನು ತಿದ್ದಬಲ್ಲೆ, ಅರ್ಥಶಾಸ್ತ್ರದ ವಾದ ಸರಿಯೋ ತಪ್ಪೋ ನಾನೇನು ಬಲ್ಲೆ?” ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಈ ಎರಡು ಸತ್ಯಗಳ ನಡುವೆ ಹುಡುಗನು ಅನಾಥನಾದನು.

ನಮ್ಮ ಶಾಸ್ತ್ರಾಧ್ಯಯನ ಪದ್ಧತಿಯಲ್ಲಿ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಬೇಕು. ಅಂತೆಯೇ ಅಧ್ಯಾಪಕರ ಪಕ್ಷವನ್ನು ಮೊದಲು ಹೇಳುವುದು ನ್ಯಾಯ. ಅವರು ಹೇಳುವುದಿಷ್ಟು: ಭಾಷೆಯು ಒಂದು ಪಾತ್ರೆ, ವಿಷಯವು ಅದರಲ್ಲಿ ತುಂಬುವ ಹಾಲು. ಪಾತ್ರೆಯನ್ನು ಮಾಡಿಕೊಡುವವನು ಕುಂಬಾರ, ಹಾಲು ಕೊಡುವವನು ಗೌಳಿಗ. ಕುಂಬಾರನ ಕೆಲಸವನ್ನು ಗೌಳಿಗನಿಗೆ ಹೊರಿಸುವುದೇಕೆ? ಎರಡನೆಯದಾಗಿ, ವರ್ಗದಲ್ಲಿ ನೂರು ಮಂದಿ ವಿದ್ಯಾರ್ಥಿಗಳಿರುವಾಗ ಎಲ್ಲರ ಬರೆಹವನ್ನು ಓದಿ ತಿದ್ದುವುದು ಒಬ್ಬನಿಂದ ಸಾಧ್ಯವೆ? ಮೂರನೆಯದಾಗಿ, ಪರೀಕ್ಷೆಯು ಕೇಳುವುದು ನೆನಪನ್ನು. ಅದಕ್ಕೆ ಟಿಪ್ಪಣಿ ಸಾಕು. ಮುಗಿಸಬೇಕಾದ ಪಠ್ಯವೇ ಬೆಟ್ಟದಷ್ಟಿರುವಾಗ ಬರೆಯಿಸಲು ಹೊತ್ತೆಲ್ಲಿ?

ಈ ಪೂರ್ವಪಕ್ಷದ ಮೊದಲನೆಯ ಮಾತನ್ನೇ ಮೊದಲು ಪರಿಶೀಲಿಸೋಣ. ಭಾಷೆಯು ನಿಜವಾಗಿಯೂ ಬರಿಯ ಪಾತ್ರೆಯೆ? ಇತಿಹಾಸದವನು ಒಂದು ಮಾತನ್ನು ಬರೆದರೆ ಅದಕ್ಕೆ ಆಧಾರವೇನು, ಶಾಸನವೋ, ದಾಖಲೆಯೋ, ಜನರ ಹೇಳಿಕೆಯೋ ಎಂಬುದನ್ನು ಬಿಡಿಸಿ ಹೇಳಬೇಕು. ರಸಾಯನಶಾಸ್ತ್ರದವನು ತಾನು ಮಾಡಿದ ಕ್ರಿಯೆಯನ್ನು ಮತ್ತೊಬ್ಬನು ಓದಿ ಅದರಂತೆಯೇ ಮಾಡಿ ನೋಡಬಲ್ಲ ಹಾಗೆ ಬರೆಯಬೇಕು. “ಚೆನ್ನಾಗಿ ಕಾಯಿಸಬೇಕು” ಎಂದರೆ ಸಾಲದು, ಎಷ್ಟು ಉಷ್ಣತೆಗೆ, ಎಷ್ಟು ಹೊತ್ತು ಎಂಬುದು ಬೇಕು. ವಾಣಿಜ್ಯದವನ ಬರೆಹದಲ್ಲಿ ಜಮೆಯೂ ಖರ್ಚೂ ತಾಳೆಯಾಗಬೇಕು. ಕಾನೂನಿನವನು ನಿಯಮದ ಜೊತೆಗೆ ಅಪವಾದವನ್ನೂ ಹೇಳದಿದ್ದರೆ ಅವನ ಮಾತಿಗೆ ಬೆಲೆಯಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಯಾವುದಕ್ಕೆ ಪ್ರಮಾಣ ಕೊಡಬೇಕು ಎಂಬ ವಿವೇಕವೇ ಆಯಾ ಶಾಸ್ತ್ರದ ಪ್ರಾಣ. ಆ ವಿವೇಕವು ವ್ಯಾಕರಣದಿಂದ ಬರುವಂಥದಲ್ಲ. ಅದನ್ನು ಆ ಶಾಸ್ತ್ರದವನೇ ಕಲಿಸಬೇಕು. ಆದುದರಿಂದ ಬರೆಹವು ಪಾತ್ರೆಯೂ ಅಲ್ಲ, ಹಾಲೂ ಅಲ್ಲ; ಅದು ಹಾಲನ್ನು ಕಡೆಯುವ ಕಡೆಗೋಲು. ಕಡೆದಲ್ಲದೆ ಬೆಣ್ಣೆ ಬಾರದು.

ನಮ್ಮ ಪೂರ್ವಜರಿಗೆ ಇದು ತಿಳಿದಿತ್ತು. ಸೂತ್ರ, ವೃತ್ತಿ, ವಾರ್ತಿಕ, ಭಾಷ್ಯ ಎಂದು ಶಾಸ್ತ್ರಬರೆಹದ ಬಗೆಗಳನ್ನು ಅವರು ಬೇರೆ ಬೇರೆಯಾಗಿ ಗುರುತಿಸಿ, ಒಂದೊಂದಕ್ಕೂ ಒಂದೊಂದು ನಿಯಮವನ್ನು ಕಲ್ಪಿಸಿದರು. ಕನ್ನಡದಲ್ಲಿಯೂ ಶಾಸ್ತ್ರಬರೆಹವು ಹೊಸತಲ್ಲ. ಶ್ರೀಧರಾಚಾರ್ಯನು 1049ರಲ್ಲಿ ಜ್ಯೋತಿಷವನ್ನು ಕುರಿತು ಜಾತಕತಿಲಕವನ್ನು ಬರೆದನು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನು ಕುರಿತು ಗೋವೈದ್ಯವನ್ನು ರಚಿಸಿದನು. ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ಕೊಟ್ಟನು. ಇವರು ತಮ್ಮ ಶಾಸ್ತ್ರವನ್ನು ಬರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ ಕುಳಿತವರಲ್ಲ. ಬಲ್ಲವನೇ ಬರೆದನು. ಮುಧೋಳದ ನೆಲದಲ್ಲಿ ಹುಟ್ಟಿದ ರನ್ನನು ಬಳೆಗಾರರ ಮನೆತನದವನೆಂಬುದನ್ನೂ ಇಲ್ಲಿ ನೆನೆಯಬಹುದು. ಬರೆಯುವ ಶಕ್ತಿಯು ಯಾವ ಮನೆತನದ ಸೊತ್ತೂ ಅಲ್ಲ. ಕಲಿಸುವವರು ದೊರೆತರೆ ಅದು ಬಳೆಗಾರನ ಮಗನಲ್ಲಿಯೂ ಬೆಳಗುತ್ತದೆ, ನೇಕಾರನ ಮಗನಲ್ಲಿಯೂ ಬೆಳಗುತ್ತದೆ.

ಇನ್ನು ಶರಣರ ಕಡೆಗೆ ನೋಡೋಣ. ಜೇಡರ ದಾಸಿಮಯ್ಯನು ನೇಕಾರ, ಚೌಡಯ್ಯನು ಅಂಬಿಗ, ಸಂಗಣ್ಣನು ವೈದ್ಯ, ಮುದ್ದಣ್ಣನು ಒಕ್ಕಲಿಗ. ಇವರ ವಚನಗಳನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂಬಿಗನು ತೊರೆ ದೋಣಿಗಳ ಮಾತಿನಲ್ಲಿ ತತ್ತ್ವವನ್ನು ಹೇಳಿದನು. ವೈದ್ಯನು ರೋಗ ಔಷಧಗಳ ಮಾತಿನಲ್ಲಿ ಹೇಳಿದನು. ತನ್ನ ಕಾಯಕದ ಮಾತು ಅನುಭಾವಕ್ಕೆ ತಕ್ಕುದಲ್ಲವೆಂದು ಯಾರೂ ನಾಚಲಿಲ್ಲ, ಎರವಲು ಮಾತನ್ನು ತರಲಿಲ್ಲ. ನಮ್ಮ ಬನಹಟ್ಟಿಯ ಹುಡುಗನಾದರೋ ನೇಕಾರನ ಮಗನಾಗಿಯೂ ಮಗ್ಗದ ಮಾತನ್ನು ಬಿಟ್ಟು ಎರವಲಿಗೆ ಹೋದನು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದೊರೆತ ಧೈರ್ಯವು ಇಂದಿನ ಕಾಲೇಜಿನಲ್ಲಿ ದೊರೆಯದೆ ಹೋದುದಕ್ಕೆ ಕಾರಣವನ್ನು ನಾವೆಲ್ಲರೂ ವಿಚಾರಿಸಬೇಕಾಗಿದೆ.

ಈ ನೆಲಕ್ಕೇ ಸೇರಿದ ಮತ್ತೊಂದು ನಿದರ್ಶನವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಯ ಕಟ್ಟುಗಳನ್ನು ಕಂಡುದು ರಬಕವಿ-ಬನಹಟ್ಟಿಯಲ್ಲಿ. ಅವರು ಭಾಷಾಪಂಡಿತರಲ್ಲ, ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದವರು. ವಕೀಲರಾದವರು ಸಾಕ್ಷ್ಯವನ್ನು ಕೂಡಿಸಿ, ತೂಗಿ ನೋಡಿ, ಕ್ರಮವಾಗಿ ಜೋಡಿಸಿ ಮಂಡಿಸುತ್ತಾರೆ. ಅದೇ ಶಿಸ್ತಿನಿಂದ ಅವರು ಓಲೆಗರಿಗಳನ್ನು ಕೂಡಿಸಿ, ಪಾಠಗಳನ್ನು ತೂಗಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು; 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಒಂದು ಶಾಸ್ತ್ರದಲ್ಲಿ ಕಲಿತ ಬರೆಹದ ಶಿಸ್ತು ಮತ್ತೊಂದು ಲೋಕಕ್ಕೆ ಬೆಳಕಾಗುವುದೆಂಬುದಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷಿಯು ಬೇಕೆ?

ಹೊರದೇಶಗಳಲ್ಲಿಯೂ ಈ ವಿಚಾರವು ಅರ್ಧ ಶತಮಾನದ ಹಿಂದೆಯೇ ಮೊದಲಾಯಿತು. ಅಮೆರಿಕದ ಅಯೋವಾ ರಾಜ್ಯದ ಸೆಂಟ್ರಲ್ ಕಾಲೇಜಿನಲ್ಲಿ ಬಾರ್ಬರಾ ವಾಲ್ವೂರ್ಡ್ ಎಂಬ ಅಧ್ಯಾಪಕಿಯು 1969–70ರಲ್ಲಿ ಬೇರೆ ಬೇರೆ ವಿಷಯಗಳ ಪ್ರಾಧ್ಯಾಪಕರನ್ನು ಒಂದೆಡೆ ಕೂಡಿಸಿ, ವಿದ್ಯಾರ್ಥಿಗಳ ಬರೆಹವನ್ನು ಕುರಿತು ಚರ್ಚೆ ನಡೆಸಿದರು. ಇಂಗ್ಲೆಂಡಿನಲ್ಲಿ 1975ರಲ್ಲಿ ಹೊರಬಂದ ಬುಲಕ್ ಸಮಿತಿಯ ವರದಿಯು ಭಾಷೆಯ ಹೊಣೆಯು ಭಾಷಾಶಿಕ್ಷಕನೊಬ್ಬನದಲ್ಲ, ಎಲ್ಲ ವಿಷಯಗಳ ಶಿಕ್ಷಕರದೆಂದು ಸಾರಿತು. ಅದೇ ವರ್ಷ ಜೇಮ್ಸ್ ಬ್ರಿಟನ್ ಮತ್ತು ಅವರ ಸಂಗಡಿಗರು ಶಾಲೆಯ ಮಕ್ಕಳ ಬರೆಹಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಅರ್ಧದಷ್ಟು ಕೇವಲ ಪರೀಕ್ಷಕನಾದ ಶಿಕ್ಷಕನಿಗಾಗಿ ಬರೆದವೆಂದು ತೋರಿಸಿದರು. 1977ರಲ್ಲಿ ಜಾನೆಟ್ ಎಮಿಗ್ ಎಂಬವರು ಬರೆಯುವುದೇ ಕಲಿಯುವ ಒಂದು ವಿಧಾನವೆಂದು ಪ್ರತಿಪಾದಿಸಿದರು. ಅದೇ ವರ್ಷದಿಂದ ಮಿಶಿಗನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಟೋಬಿ ಫುಲ್ವೈಲರ್ ನಡೆಸಿದ ಕಮ್ಮಟಗಳಲ್ಲಿ ಅಧ್ಯಾಪಕರು ಉಪದೇಶ ಕೇಳಿ ಎದ್ದುಹೋಗಲಿಲ್ಲ. ತಾವೇ ಕುಳಿತು ಬರೆದರು, ಬರೆದುದನ್ನು ಪರಸ್ಪರ ಓದಿ ತೋರಿಸಿದರು. ಬರೆಯುವ ಕಷ್ಟವನ್ನು ತಾನು ಮರೆತ ಗುರುವು ಶಿಷ್ಯನ ಕಷ್ಟವನ್ನು ಅರಿಯಲಾರನೆಂಬುದು ಇದರ ಮರ್ಮ.

ಇದೆಲ್ಲವೂ ಕಾಲೇಜಿನ ಗೋಡೆಯೊಳಗಿನ ಮಾತೆಂದು ಓದುಗರು ಭಾವಿಸಬಾರದು. ಬೀಳಗಿ ತಾಲೂಕಿನ ಕಡೆಗೆ ನೋಡಿರಿ. ಆಲಮಟ್ಟಿಯ ಹಿನ್ನೀರಿನಲ್ಲಿ ಎಷ್ಟು ಹೊಲ ಮನೆಗಳು ಮುಳುಗಿದವೆಂಬುದು ಆ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆಯನ್ನಿತ್ತಿತು. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಭೂಮಿಯ ಹಕ್ಕುದಾರನು ತನ್ನ ಆಕ್ಷೇಪವನ್ನು ಸಲ್ಲಿಸಬಹುದು. ಅದನ್ನು ಬರೆಹದಲ್ಲಿಯೇ ಸಲ್ಲಿಸಬೇಕು. ಮನೆಯಲ್ಲಿ ಪದವೀಧರ ಮಗನಿರುತ್ತಾನೆ. ಆದರೆ ತಮ್ಮ ಹೊಲದ ಸ್ಥಿತಿ, ಬಾವಿ, ಗಿಡಮರ, ಅಣ್ಣತಮ್ಮಂದಿರ ಪಾಲು, ಅಳತೆಯಲ್ಲಾದ ತಪ್ಪು ಇವನ್ನು ಕ್ರಮವಾಗಿ, ಆಧಾರಸಹಿತವಾಗಿ ಬರೆದುಕೊಡಲು ಅವನಿಂದಾಗದು. ತಂದೆಯು ಅರ್ಜಿ ಬರೆಯುವವನ ಮುಂದೆ ಕುಳಿತು ತನ್ನ ಬಾಳನ್ನು ಅವನ ಮಾತಿನಲ್ಲಿ ಒಪ್ಪಿಸಬೇಕಾಗುತ್ತದೆ. ಮೂರು ವರ್ಷ ರಾಜ್ಯಶಾಸ್ತ್ರವನ್ನು ಓದಿದವನು ತನ್ನ ತಂದೆಯ ಪರವಾಗಿ ಒಂದು ಪುಟವನ್ನು ಬರೆಯಲಾರದಿದ್ದರೆ ಆ ವಿದ್ಯೆಯು ಯಾರಿಗಾಗಿ?

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾತೀರದ ರೈತರು ತಮ್ಮ ಹಣದಿಂದ, ತಮ್ಮ ಬೆವರಿನಿಂದ ನದಿಗೆ ಒಡ್ಡು ಕಟ್ಟಿದರು. 1989ರಲ್ಲಿ ಪೂರ್ಣಗೊಂಡ ಆ ಶ್ರಮಬಿಂದು ಸಾಗರವು ನಾಡಿಗೇ ಮಾದರಿಯಾಯಿತು. ಇಂಥ ಕಾರ್ಯಕ್ಕೆ ಭುಜಬಲವು ಹೇಗೆ ಬೇಕೋ ಹಾಗೆಯೇ ಅಂದಾಜುಪಟ್ಟಿ, ಲೆಕ್ಕಪತ್ರ, ಮನವಿ, ಠರಾವುಗಳೂ ಬೇಕು. ಇಂದು ಅಂತಹದೊಂದು ಕೆಲಸಕ್ಕೆ ಊರು ಎದ್ದು ನಿಂತರೆ ನಮ್ಮ ಪದವೀಧರರು ಲೇಖನಿ ಹಿಡಿದು ಅದಕ್ಕೆ ಹೆಗಲು ಕೊಡಬಲ್ಲರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಈಗ ಪೂರ್ವಪಕ್ಷದ ಎರಡನೆಯ ಮಾತಿಗೆ ಬರೋಣ. ನೂರು ವಿದ್ಯಾರ್ಥಿಗಳ ಭಾರವು ಸುಳ್ಳಲ್ಲ. ಅದರಲ್ಲಿಯೂ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂಬ ಅಳುಕಿನಲ್ಲಿ ಪಾಠ ಹೇಳುವವರಿಗೆ ಬರಿಯ ಉಪದೇಶವನ್ನು ಕೊಡುವುದು ಅನ್ಯಾಯವೇ ಸರಿ. ಹೊಣೆಯನ್ನು ಹೊರಿಸುವವರು ಹೊರುವುದಕ್ಕೆ ನೆರವನ್ನೂ ಕೊಡಬೇಕು. ಆದರೆ ಬರೆಯಿಸಿದುದನ್ನೆಲ್ಲ ತಿದ್ದಲೇಬೇಕೆಂಬುದು ಒಂದು ತಪ್ಪು ತಿಳಿವಳಿಕೆ. ಪಾಠದ ಕೊನೆಯ ಐದು ನಿಮಿಷ ಉಳಿಸಿಕೊಂಡು, ಈ ದಿನ ತಿಳಿದುದೇನು, ತಿಳಿಯದೆ ಉಳಿದುದೇನು ಎಂದು ನಾಲ್ಕು ವಾಕ್ಯ ಬರೆಯಿಸಬಹುದು. ದಿನಕ್ಕೆ ಐದೇ ವಹಿಗಳನ್ನು ಓದಿದರೂ ಇಪ್ಪತ್ತು ದಿನಗಳಲ್ಲಿ ನೂರು ಮಂದಿಯನ್ನು ಮುಟ್ಟಿದಂತಾಯಿತು. ಓದಿದಾಗ ಹತ್ತು ತಪ್ಪಿಗೆ ಕೆಂಪು ಗೆರೆ ಎಳೆಯುವುದಕ್ಕಿಂತ, “ಇದಕ್ಕೆ ಆಧಾರವೇನು?” ಎಂದು ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬರೆಯುವುದು ಮೇಲು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಬ್ಬರ ಬರೆಹವನ್ನು ಮತ್ತೊಬ್ಬರು ಓದಿ, ತಿಳಿಯದ ಕಡೆ ಗುರುತು ಹಾಕಬಹುದು. ದೊಡ್ಡ ಪ್ರಬಂಧವನ್ನು ವರ್ಷದ ಕೊನೆಗೆ ಒಮ್ಮೆಲೇ ಕೇಳದೆ, ಮೊದಲು ಪ್ರಶ್ನೆ, ಆಮೇಲೆ ಸಾಮಗ್ರಿ, ಆಮೇಲೆ ಕರಡು, ಕೊನೆಗೆ ತಿದ್ದಿದ ಪ್ರತಿ ಎಂದು ಹಂತ ಹಂತವಾಗಿ ಕೇಳಿದರೆ ನಕಲು ತಾನಾಗಿಯೇ ಕಡಿಮೆಯಾಗುತ್ತದೆ.

ಬರೆಯುವ ವಿಷಯವು ಕಣ್ಣಮುಂದಿನದಾಗಿರಲಿ. ಮಹಾಲಿಂಗಪುರದ ಕಡೆಯ ಗಾಣದಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದನ್ನು ನೋಡಿ ಬಂದ ರಸಾಯನಶಾಸ್ತ್ರದ ವಿದ್ಯಾರ್ಥಿಯು, ಹುಳಿಯನ್ನು ಸುಣ್ಣವು ಹೇಗೆ ಅಡಗಿಸುತ್ತದೆ, ಹುಳಿ ಉಳಿದರೆ ಸಕ್ಕರೆ ಒಡೆದು ಬೆಲ್ಲ ಏಕೆ ಕಟ್ಟುವುದಿಲ್ಲ ಎಂಬುದನ್ನು ಗಾಣದವನಿಗೂ ತಿಳಿಯುವಂತೆ ಬರೆಯಲಿ. ಇತಿಹಾಸದ ವಿದ್ಯಾರ್ಥಿಯು 1948ರಲ್ಲಿ ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಕಾಲದ ಸಂಗತಿಗಳನ್ನು, ಮನೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿದ ಮಾತನ್ನು ದಾಖಲೆಯೊಡನೆ ಹೋಲಿಸಿ ಬರೆಯಲಿ. ವಾಣಿಜ್ಯದವನು ಒಂದು ಮಗ್ಗದ ಒಂದು ವಾರದ ಲೆಕ್ಕವನ್ನು ಬರೆಯಲಿ. ಕಂಡಿಕೆ ಸುತ್ತಿದ ತಾಯಿಯ ದುಡಿಮೆಗೆ ಯಾವ ಕಲಮಿನಲ್ಲಿ ಸ್ಥಾನವೆಂದು ಯೋಚಿಸಲಿ. ಇಂಥ ಬರೆಹವನ್ನು ಯಾವ ಮಾರ್ಗದರ್ಶಿ ಪುಸ್ತಕದಿಂದಲೂ ನಕಲು ಮಾಡಲಾಗದು.

ಮೂರನೆಯ ಮಾತು ಪರೀಕ್ಷೆಯದು. ನೆನಪನ್ನೇ ಕೇಳುವ ಪರೀಕ್ಷೆಗೆ ಟಿಪ್ಪಣಿ ಸಾಕೆಂಬುದು ನಿಜ. ಆದರೆ ಪರೀಕ್ಷೆಯು ಮೂರು ಗಂಟೆಯದು, ಬಾಳು ಅದಕ್ಕಿಂತ ದೀರ್ಘವಾದುದು. ಮೇಲಾಗಿ, ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳು ಈಗ ಪ್ರತಿಯೊಬ್ಬ ಹುಡುಗನ ಕೈಯಲ್ಲಿರುವ ಫೋನಿನಲ್ಲಿಯೇ ಬಂದು ಕುಳಿತಿವೆ. ಬರೆದ ಕಾಗದವು ಇಂದು ಅಗ್ಗವಾಯಿತು. ಬರೆಯುವಾಗ ಮನಸ್ಸಿನಲ್ಲಿ ನಡೆಯುವ ತೊಳಲಾಟ, ತಿದ್ದುವಿಕೆ, ತನ್ನ ಅಜ್ಞಾನವನ್ನು ತಾನೇ ಕಾಣುವ ಸಂಕೋಚ, ಇವು ಮಾತ್ರ ಅಗ್ಗವಾಗಲಿಲ್ಲ. ಅವನ್ನು ಯಂತ್ರವು ನಮಗಾಗಿ ಮಾಡಿಕೊಡದು. ಬೇರೆಯವನು ಉಂಡರೆ ನಮ್ಮ ಹಸಿವು ಹೋಗದಲ್ಲವೆ?

ಇಲ್ಲಿಯೇ ಧರ್ಮದ ಪ್ರಶ್ನೆಯಿರುವುದು. ಪರರ ಮಾತನ್ನು ತನ್ನದೆಂದು ಒಪ್ಪಿಸುವುದು ಕಳವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ವಂತ ಮಾತಿನ ದಾರಿಯನ್ನು ತೋರಿಸದೆ, ನಕಲೆಂದು ತಿಳಿದೂ ಅಂಕ ಕೊಟ್ಟು ಕಳುಹಿಸಿದವರು ಆ ಕಳವಿನಲ್ಲಿ ಪಾಲುದಾರರಲ್ಲವೆ? ಹುಡುಗನನ್ನು ಮಾತ್ರ ಅಪರಾಧಿಯೆಂದು ನಿಲ್ಲಿಸುವುದು ಸುಲಭ, ನ್ಯಾಯವಲ್ಲ. ಅಂದು ನಾವೂ ಆ ತರುಣನ ಪುಸ್ತಕಕ್ಕೆ ವಿಭೂತಿ ಹಚ್ಚಿ ಕಳುಹಿಸಿಬಿಟ್ಟೆವು. “ಇದನ್ನು ಬಿಟ್ಟು ನಿನ್ನ ಮಗ್ಗವನ್ನು ಬರೆ” ಎಂದು ಹೇಳಲು ಮನಸ್ಸಾಗಲಿಲ್ಲ. ಒಪ್ಪಿಸುವ ದಿನ ಹತ್ತಿರ ಬಂದಿತ್ತು, ಹುಡುಗನು ನೊಂದಾನೆಂದು ಸುಮ್ಮನಾದೆವು. ಆ ಮೌನದ ಹೊಣೆಯು ನಮ್ಮದೂ ಆಗಿದೆಯೆಂದು ಓದುಗರ ಮುಂದೆ ಒಪ್ಪಿಕೊಳ್ಳುತ್ತೇವೆ.

2023ರಲ್ಲಿ ಜಮಖಂಡಿಯಲ್ಲಿಯೇ ಬಾಗಲಕೋಟ ವಿಶ್ವವಿದ್ಯಾಲಯವು ಆರಂಭವಾದಾಗ ಉಚ್ಚ ಶಿಕ್ಷಣವು ಮನೆಯಂಗಳಕ್ಕೆ ಬಂದಿತೆಂದು ನಮ್ಮ ಜನ ಹಿಗ್ಗಿದರು. ಶಿಕ್ಷಣವು ಹತ್ತಿರ ಬಂದರೆ ಸಾಲದು. ಅದು ನಮ್ಮ ಮಕ್ಕಳ ನಾಲಗೆಗೂ ಲೇಖನಿಗೂ ಹತ್ತಿರವಾಗಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಒಂದಕ್ಕೊಂದು ದೂರದ ಊರುಗಳಲ್ಲ. ಈ ನಾಲ್ಕು ಕಡೆಯ ಕಾಲೇಜುಗಳ ಅಧ್ಯಾಪಕರು, ವಿಜ್ಞಾನದವರು, ವಾಣಿಜ್ಯದವರು, ಭಾಷೆಯವರು ಎಂಬ ಭೇದವಿಲ್ಲದೆ, ವರ್ಷಕ್ಕೆರಡು ಸಲ ಎರಡೆರಡು ದಿನ ಒಂದೆಡೆ ಕೂಡಲಿ. ತಂತಮ್ಮ ವಿದ್ಯಾರ್ಥಿಗಳ ಬರೆಹಗಳನ್ನು ತರಲಿ. ತಮ್ಮ ಶಾಸ್ತ್ರದಲ್ಲಿ ಒಳ್ಳೆಯ ಬರೆಹವೆಂದರೆ ಯಾವುದೆಂದು ಇತರರಿಗೆ ತಿಳಿಯುವಂತೆ ಹೇಳಲಿ. ತಾವೂ ಒಂದು ಪುಟವನ್ನು ಬರೆದು ಓದಲಿ. ಕನ್ನಡದವರು ವಾಕ್ಯದ ನೆರವನ್ನು ಕೊಡಲಿ, ವಿಷಯದವರು ವಿವೇಕದ ನೆರವನ್ನು ಕೊಡಲಿ. ಕೂಡುವುದಕ್ಕೆ ಸ್ಥಳವಿಲ್ಲವೆಂದರೆ ಮಠದ ಪಡಸಾಲೆಯಿದೆ. ದಾಸೋಹವಂತೂ ಇದ್ದೇ ಇದೆ.

ಓದುಗರಲ್ಲಿ ಅನೇಕರು ತಂದೆತಾಯಿಗಳು. ಕಾಲೇಜಿನಿಂದ ಬಂದ ಮಗನನ್ನೋ ಮಗಳನ್ನೋ ಎಷ್ಟು ಅಂಕ ಬಂತೆಂದು ಕೇಳುವ ಹಾಗೆಯೇ, “ಇವತ್ತ ಏನ ಬರದಿ? ಓದಿ ಹೇಳ” ಎಂದೂ ಒಮ್ಮೆ ಕೇಳಿರಿ. ತನ್ನ ಮನೆಯ ಮಗ್ಗವನ್ನು, ಹೊಲವನ್ನು, ಹೊಳೆಯನ್ನು ಬರೆಯಬಹುದೆಂದು ಮಕ್ಕಳಿಗೆ ಹೇಳಿರಿ. ಯಾರೂ ಹೇಳಲಿಲ್ಲವೆಂಬ ಮಾತನ್ನು ಇನ್ನೊಬ್ಬ ಹುಡುಗನ ಬಾಯಿಂದ ನಾವು ಕೇಳುವಂತಾಗದಿರಲಿ.